ಹಿಟ್ಟಿನ ಕೋಳಿ ಮತ್ತು ಶೇಕಡಾ ಹತ್ತು: ಕನ್ನಡ ಸಂಶೋಧನೆಯ ನೈತಿಕತೆಯನ್ನು ಕುರಿತು

ಕನ್ನಡದಲ್ಲಿ ಪಿಎಚ್.ಡಿ. ಪದವಿಗೆ ನೋಂದಾಯಿಸಿಕೊಳ್ಳುವವರು ಈಗ ಮಹಾಪ್ರಬಂಧದ ಬರವಣಿಗೆಗೆ ತೊಡಗುವ ಮುನ್ನ ‘ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆ’ ಎಂಬ ಪಠ್ಯವನ್ನು ಓದಬೇಕಾಗಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2019ರ ಡಿಸೆಂಬರ್‌ನಲ್ಲಿ ಎಲ್ಲ ಜ್ಞಾನಶಾಖೆಗಳಿಗೂ ಅನ್ವಯವಾಗುವಂತೆ ಇದನ್ನು ಕಡ್ಡಾಯಗೊಳಿಸಿತು. ಎರಡು ಕ್ರೆಡಿಟ್, ಮೂವತ್ತು ಗಂಟೆ, ಆರು ಘಟಕ. ತತ್ತ್ವಶಾಸ್ತ್ರ ಮತ್ತು ನೀತಿ, ವೈಜ್ಞಾನಿಕ ನಡವಳಿಕೆ, ಪ್ರಕಟಣೆಯ ನೀತಿ, ಮುಕ್ತ ಪ್ರಕಟಣೆ, ಪ್ರಕಟಣೆಯಲ್ಲಿನ ಅಕ್ರಮಗಳು, ದತ್ತಸಂಚಯ ಹಾಗೂ ಸಂಶೋಧನೆಯ ಮಾಪನ ಎಂಬುವು ಆ ಘಟಕಗಳು. ಈ ಪಟ್ಟಿಯನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮೊದಲ ಎರಡನ್ನು ಬಿಟ್ಟರೆ ಉಳಿದೆಲ್ಲ ಘಟಕಗಳು ಅಚ್ಚಾದ ಲೇಖನದ ಸುತ್ತಲೇ ತಿರುಗುತ್ತವೆ. ಇವುಗಳ ಕಣ್ಣೆದುರಿಗಿರುವ ಸಂಶೋಧಕ ಪ್ರಯೋಗಾಲಯದಲ್ಲಿ ಕುಳಿತು ಇಂಗ್ಲಿಷಿನಲ್ಲಿ ಬರೆಯುವವನು. ಶಾಸನದ ಕಲ್ಲಿನ ಮುಂದೆ ಸೀಮೆಸುಣ್ಣ ಹಿಡಿದು ಕೂರುವವರು, ಹಾಡುಗಾರ್ತಿಯ ಜಗಲಿಯ ಮೇಲೆ ಧ್ವನಿಮುದ್ರಣ ಯಂತ್ರ ಇಟ್ಟು ಕಾಯುವವರು ಈ ಪಠ್ಯದ ಕಲ್ಪನೆಯೊಳಗೆ ಬರುವುದೇ ಇಲ್ಲ. ಕ್ಷೇತ್ರಕಾರ್ಯ ಎಂಬ ಹೆಸರಿನ ಘಟಕವೊಂದು ಆರರಲ್ಲಿ ಇಲ್ಲ.

ಕೃತಿಚೌರ್ಯ ನಮ್ಮಲ್ಲಿ ಇಲ್ಲವೆಂದು ಯಾರೂ ಹೇಳಲಾರರು. ಆದ್ದರಿಂದ ಆ ಬಗೆಗಿನ ಪಾಠ ಬೇಡವೆಂಬ ವಾದ ನನ್ನದಲ್ಲ. ಕನ್ನಡ ಸಂಶೋಧನೆಯು ಬಹುಮಟ್ಟಿಗೆ ಊರುಗಳಿಂದ, ಊರಿನ ಕಲ್ಲುಗಳಿಂದ, ಊರಿನ ಜನರ ನೆನಪಿನಿಂದ ತನ್ನ ಆಕರಗಳನ್ನು ಪಡೆದು ಬೆಳೆದಿದೆ. ಇನ್ನೊಬ್ಬ ವಿದ್ವಾಂಸನ ವಾಕ್ಯಕ್ಕೆ ಸಲ್ಲಿಸಬೇಕಾದ ಋಣವನ್ನು ನಾವು ಲೆಕ್ಕ ಹಾಕಲು ಕಲಿತಿದ್ದೇವೆ. ಆಕರ ಕೊಟ್ಟ ಊರಿಗೆ ಸಲ್ಲಬೇಕಾದ ಋಣಕ್ಕೆ ನಮ್ಮ ಪಠ್ಯದಲ್ಲಿ ಲೆಕ್ಕವೂ ಇಲ್ಲ, ಪರೀಕ್ಷೆಯೂ ಇಲ್ಲ. ಈ ಎರಡನೆಯ ಋಣವನ್ನು ಒಳಗೊಳ್ಳದ ನೈತಿಕತೆಯ ಪಾಠ ಕನ್ನಡ ವಿಭಾಗಗಳ ಮಟ್ಟಿಗೆ ಅಪೂರ್ಣವೆಂಬುದು ಪ್ರಸ್ತುತ ಲೇಖನದ ನಿಲುವು.

ಮೊದಲು ಇರುವ ಲೆಕ್ಕವನ್ನೇ ನೋಡೋಣ. ಆಯೋಗದ 2018ರ ನಿಯಮಾವಳಿಯ ಪ್ರಕಾರ ಮಹಾಪ್ರಬಂಧದಲ್ಲಿ ಇತರ ಬರಹಗಳೊಂದಿಗಿನ ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40ರವರೆಗೆ ಇದ್ದರೆ ಗೊತ್ತಾದ ಅವಧಿಯೊಳಗೆ, ಅಂದರೆ ಆರು ತಿಂಗಳು ಮೀರದಂತೆ, ತಿದ್ದಿ ಸಲ್ಲಿಸಬೇಕು. 40ರಿಂದ 60ರವರೆಗಾದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದು. ಹೋಲಿಕೆಯನ್ನು ಅಳೆಯುವುದು ತಂತ್ರಾಂಶ. 2019ರಲ್ಲಿ ಆರಂಭವಾದ ‘ಶೋಧಶುದ್ಧಿ’ ಯೋಜನೆಯ ಮೂಲಕ ಇಂಥ ತಂತ್ರಾಂಶ ವಿಶ್ವವಿದ್ಯಾಲಯಗಳಿಗೆ ದೊರೆಯಿತು. ಇಲ್ಲಿಗೆ ಎಲ್ಲವೂ ಸರಿ. ಆದರೆ ಕನ್ನಡದ ಮಹಾಪ್ರಬಂಧಗಳು ಬಹುಕಾಲ ಸಿದ್ಧಗೊಂಡದ್ದು ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ, ಶ್ರೀಲಿಪಿ ಅಕ್ಷರಗಳಲ್ಲಿ, ಇಂದಿಗೂ ಡಿ.ಟಿ.ಪಿ. ಅಂಗಡಿಗಳಲ್ಲಿ ಆ ರೂಢಿ ಪೂರ್ತಿ ಹೋಗಿಲ್ಲ. ಅಲ್ಲಿ ಪುಟದ ಮೇಲೆ ನಮಗೆ ಕಾಣುವುದು ಕನ್ನಡ. ಗಣಕದ ಒಳಗಿರುವುದು ರೋಮನ್ ಅಕ್ಷರಗಳ ಅರ್ಥವಿಲ್ಲದ ಸಾಲು. ಹಾಗೆ ಬೆರಳಚ್ಚಾದ ಹಳೆಯ ಪ್ರಬಂಧವೊಂದನ್ನು ಯೂನಿಕೋಡಿನಲ್ಲಿ ಮತ್ತೆ ಬೆರಳಚ್ಚು ಮಾಡಿದರೆ ಎರಡಕ್ಕೂ ಹೋಲಿಕೆಯಿದೆಯೆಂದು ಯಂತ್ರ ಹೇಗೆ ಹೇಳೀತು? ಇಂಗ್ಲಿಷಿನ ಅಧ್ಯಾಯವನ್ನು ಕನ್ನಡಕ್ಕೆ ತಂದು ಹೆಸರು ಹೇಳದೆ ಸೇರಿಸಿದರೂ ಫಲಿತಾಂಶ ಅದೇ. ಯಂತ್ರಾನುವಾದ ಈಗ ಬೆರಳ ತುದಿಯಲ್ಲಿರುವುದರಿಂದ ಈ ಕೆಲಸಕ್ಕೆ ಮೊದಲಿದ್ದ ಶ್ರಮವೂ ಉಳಿದಿಲ್ಲ.

ಮತ್ತೊಂದು ಸ್ವಾರಸ್ಯವಿದೆ. ಸತತವಾಗಿ ಹದಿನಾಲ್ಕು ಪದಗಳವರೆಗಿನ ಆಕಸ್ಮಿಕ ಹೋಲಿಕೆಯನ್ನು ಲೆಕ್ಕದಿಂದ ಕೈಬಿಡಬಹುದೆಂದು ಅದೇ ನಿಯಮಾವಳಿ ಹೇಳುತ್ತದೆ. ಇಂಗ್ಲಿಷಿನಲ್ಲಿ ಹದಿನಾಲ್ಕು ಪದವೆಂದರೆ ಒಂದು ಸಾಧಾರಣ ವಾಕ್ಯ. ವಿಭಕ್ತಿ, ಸಂಧಿ, ಸಮಾಸಗಳನ್ನೆಲ್ಲ ಒಂದೇ ಪದದೊಳಗೆ ಕಟ್ಟಿಕೊಳ್ಳುವ ಕನ್ನಡದಲ್ಲಿ ಅಷ್ಟೇ ಪದಗಳಲ್ಲಿ ಇಡೀ ಕಂದಪದ್ಯವೊಂದು ಮುಗಿದುಹೋಗಬಹುದು. ನಮ್ಮ ವ್ಯಾಕರಣವನ್ನು ಕೇಳದೆ ಮಾಡಿದ ಅಳತೆಗೋಲು ಇದು. ಇದಕ್ಕೆ ವ್ಯತಿರಿಕ್ತವಾಗಿ, ಶಾಸನಪಾಠಗಳನ್ನೂ ವಚನಗಳನ್ನೂ ಪ್ರಾಮಾಣಿಕವಾಗಿ ಉದ್ಧರಿಸಿ ಚರ್ಚಿಸುವವರ ಪ್ರಬಂಧದಲ್ಲಿ ಉದ್ಧರಣೆಗಳನ್ನು ಸರಿಯಾಗಿ ಬೇರ್ಪಡಿಸದಿದ್ದರೆ ಶೇಕಡಾವಾರು ಏರುತ್ತದೆ. ಆಗ ನಡೆಯುವುದೇನು? ವಾಕ್ಯಗಳನ್ನು ತಿರುವಿ ಹಾಕುವುದು, ‘ಆದ್ದರಿಂದ’ ಇದ್ದಲ್ಲಿ ‘ಹೀಗಾಗಿ’ ಬರೆಯುವುದು, ಉದ್ಧರಣೆಯನ್ನೇ ಕಿತ್ತುಹಾಕುವುದು. ಶೇಕಡಾ ಹದಿಮೂರು ಒಂಬತ್ತಾಗುತ್ತದೆ, ಪ್ರಮಾಣಪತ್ರ ಸಿಗುತ್ತದೆ.

ಈ ಪ್ರಸಂಗಕ್ಕೆ ಜನ್ನನ ‘ಯಶೋಧರ ಚರಿತೆ’ಗಿಂತ ಒಳ್ಳೆಯ ವ್ಯಾಖ್ಯಾನ ನನಗೆ ಕಂಡಿಲ್ಲ. 1209ರಲ್ಲಿ ಪೂರ್ಣಗೊಂಡ ಈ ಕಾವ್ಯದ ಕವಿ ದೋರಸಮುದ್ರದ ವೀರಬಲ್ಲಾಳನ ಆಸ್ಥಾನದವನು, ಎಂದರೆ ಇಂದಿನ ಹಳೇಬೀಡಿನವನು. ಜೀವಬಲಿ ಕೊಡಲು ಒಪ್ಪದ ಯಶೋಧರನಿಗೆ ತಾಯಿ ಚಂದ್ರಮತಿ ಒಂದು ನಡುದಾರಿ ತೋರಿಸುತ್ತಾಳೆ: ಕೋಳಿ ಬೇಡ, ಹಿಟ್ಟಿನಿಂದ ಮಾಡಿದ ಕೋಳಿ ಸಾಕು. ಮಗ ಒಪ್ಪುತ್ತಾನೆ. ಕತ್ತಿ ಬೀಳುವಾಗ ಹಿಟ್ಟಿನ ಕೋಳಿ ಕೂಗುತ್ತದೆ. ಅಲ್ಲಿಂದ ಮುಂದೆ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಸಂಕಲ್ಪಹಿಂಸೆಯೆಂದು ನಾವು ಎಂ.ಎ. ತರಗತಿಗಳಲ್ಲಿ ಪಾಠ ಮಾಡುವ ಈ ಪ್ರಸಂಗವನ್ನು ಜೈನಧರ್ಮದ ಒಂದು ತತ್ತ್ವವೆಂದು ವಿವರಿಸಿ ಮುಂದೆ ಹೋಗುವುದು ವಾಡಿಕೆ. ಆದರೆ ಜನ್ನ ಎತ್ತುವ ಪ್ರಶ್ನೆ ನಿಯಮದ ಅಕ್ಷರವನ್ನು ಪಾಲಿಸಿದವನಿಗೆ ಸಂಬಂಧಿಸಿದ್ದು. ಯಶೋಧರ ಯಾವ ಪ್ರಾಣಿಯನ್ನೂ ಕೊಂದಿಲ್ಲ. ಲೆಕ್ಕದ ಪ್ರಕಾರ ಅವನ ಹಿಂಸೆ ಶೇಕಡಾ ಸೊನ್ನೆ. ಶೇಕಡಾ ಒಂಬತ್ತರ ಪ್ರಮಾಣಪತ್ರ ಹಿಡಿದು ಬರುವ ಎಷ್ಟೋ ಪ್ರಬಂಧಗಳಲ್ಲಿ ಕಿವಿಗೊಟ್ಟರೆ ಕೋಳಿ ಕೂಗುವುದು ಕೇಳಿಸುತ್ತದೆ. ನೈತಿಕತೆಯ ಪಠ್ಯವನ್ನು ಕನ್ನಡ ವಿಭಾಗದಲ್ಲಿ ಬೋಧಿಸುವವರು ಮೊದಲ ಘಟಕಕ್ಕೆ ಇನ್ನೊಂದು ದೇಶದ ತತ್ತ್ವಜ್ಞಾನಿಗಳ ಸಂಕ್ಷಿಪ್ತ ಟಿಪ್ಪಣಿಯನ್ನು ಕಂಠಪಾಠ ಮಾಡಿಸುವ ಬದಲು ಈ ಕಾವ್ಯವನ್ನು ಓದಿಸಿದರೆ ಚರ್ಚೆ ಬೇರೆಯದೇ ಎತ್ತರಕ್ಕೆ ಹೋಗುತ್ತದೆಂದು ನನ್ನ ನಂಬಿಕೆ.

ಜನ್ನನ ಊರಿನಿಂದಲೇ ಎರಡನೆಯ ಋಣದ ಮಾತಿಗೆ ಬರಬಹುದು. ನನ್ನ ಕ್ಷೇತ್ರಕಾರ್ಯ ನಡೆದಿರುವುದು ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳಲ್ಲಿ, ವೀರಗಲ್ಲು ಮತ್ತು ದಾನಶಾಸನಗಳ ಸುತ್ತ ಉಳಿದಿರುವ ಮೌಖಿಕ ನೆನಪುಗಳನ್ನು ಕುರಿತು. ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ 1902ರಲ್ಲಿ ಹೊರತಂದರು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಆವೃತ್ತಿಯಲ್ಲಿ ಬೇಲೂರು, ಅರಸೀಕೆರೆಗಳಿಗೆ ಪ್ರತ್ಯೇಕ ಸಂಪುಟಗಳೇ ಬಂದವು. ಈ ಸಂಪುಟಗಳಿಲ್ಲದೆ ನಮ್ಮಲ್ಲಿ ಯಾರೂ ಒಂದು ಹೆಜ್ಜೆ ಇಡಲಾರೆವು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಿಂದ ಇತ್ತೀಚಿನ ಎಂ.ಫಿಲ್. ಪ್ರಬಂಧಗಳವರೆಗೆ ಎಲ್ಲಕ್ಕೂ ಇಂಥ ಸಂಪುಟಗಳೇ ನೆಲಗಟ್ಟು. ಆದರೆ ಸಂಪುಟ ಕೈಗೆ ಬಂದ ಮೇಲೆ ಊರು ಸಂಖ್ಯೆಯಾಗುತ್ತದೆ. ತಾಲ್ಲೂಕಿನ ಹೆಸರಿನ ಮುಂದೆ ಒಂದು ಅಂಕಿ. ಅಡಿಟಿಪ್ಪಣಿಯಲ್ಲಿ ಅಷ್ಟು ಸಾಕು. ಆ ಅಂಕಿಯ ಕಲ್ಲು ಇಂದು ಎಲ್ಲಿದೆ, ನಿಂತಿದೆಯೋ ಬಿದ್ದಿದೆಯೋ, ಯಾರ ಮನೆಯ ಮೆಟ್ಟಿಲಾಗಿದೆಯೋ ಎಂಬುದನ್ನು ನೋಡದೆಯೇ ಅದರ ಮೇಲೆ ಐವತ್ತು ಪುಟ ಬರೆಯಬಹುದು. ಬರೆಯುತ್ತಲೂ ಇದ್ದೇವೆ.

ಹಲ್ಮಿಡಿಯ ಉದಾಹರಣೆ ಎಲ್ಲರಿಗೂ ಗೊತ್ತಿರುವುದೇ. ಬೇಲೂರು ತಾಲ್ಲೂಕಿನ ಈ ಸಣ್ಣ ಊರಿನ ಶಾಸನವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ವಿದ್ವಲ್ಲೋಕಕ್ಕೆ ಪರಿಚಯಿಸಿದರು. ಸುಮಾರು ಕ್ರಿ.ಶ. 450ರದೆಂದು ಎಣಿಸಲಾದ ಆ ಶಾಸನದ ಕಾಲ, ಭಾಷೆ, ಪಾಠಗಳ ಬಗ್ಗೆ ಕನ್ನಡ ವಿದ್ವಾಂಸರು ಬರೆದಿರುವುದನ್ನೆಲ್ಲ ಸೇರಿಸಿದರೆ ದೊಡ್ಡದೊಂದು ಗ್ರಂಥವಾದೀತು. ತಾಳಗುಂದದ ಸಿಂಹಕಟಾಂಜನದ ಬರಹ ಇದಕ್ಕಿಂತ ಹಳೆಯದೆಂಬ ವಾದ ಬಂದ ಮೇಲೂ ಪ್ರಥಮ ಬಿ.ಎ. ತರಗತಿಯಲ್ಲಿ ಹಲ್ಮಿಡಿಯ ಹೆಸರು ಹೇಳದ ಉಪನ್ಯಾಸಕರಿಲ್ಲ. ಮೂಲ ಶಾಸನ ಊರಿನಲ್ಲಿಲ್ಲ; ಊರಿನಲ್ಲಿರುವುದು ಮಂಟಪ ಮತ್ತು ಪ್ರತಿಕೃತಿ. ರಕ್ಷಣೆಯ ದೃಷ್ಟಿಯಿಂದ ಮೂಲವನ್ನು ಸಾಗಿಸಿದ್ದು ಸರಿಯೆಂದೇ ಭಾವಿಸೋಣ. ಆದರೆ ಕಲ್ಲು ಹೋದ ಮೇಲೆ ಅದರ ವಿಷಯವಾಗಿ ಹುಟ್ಟಿದ ತಿಳಿವಳಿಕೆ ಊರಿಗೆ ಮರಳಿತೇ? ಶಾಸನದಲ್ಲಿರುವುದು ಯುದ್ಧದಲ್ಲಿ ಗೆದ್ದು ಬಂದ ವಿಜ ಅರಸನಿಗೆ ‘ಬಾಳ್ಗಳ್ಚು’ವಾಗಿ ಕೊಟ್ಟ ದತ್ತಿಯ ವಿವರ, ಕೊಟ್ಟ ಊರುಗಳಲ್ಲಿ ಹಲ್ಮಿಡಿಯೂ ಒಂದು. ಅಂದರೆ ಅದು ಕನ್ನಡದ ಹೆಮ್ಮೆಯಾಗುವುದಕ್ಕೆ ಮೊದಲು ಆ ಊರಿನ ಭೂಮಿಯ ದಾಖಲೆ. ಆ ಊರಿನ ಪ್ರೌಢಶಾಲೆಯ ಹುಡುಗಿಯೊಬ್ಬಳು ಓದಿ ಅರ್ಥಮಾಡಿಕೊಳ್ಳಬಹುದಾದ ಹತ್ತು ಪುಟದ ಕಿರುಹೊತ್ತಗೆಯನ್ನು ಬರೆಯುವುದು ನಮ್ಮ ವಿದ್ವತ್ತಿಗೆ ಕಡಿಮೆಯ ಕೆಲಸವೆಂದು ತೋರುವುದು ಯಾಕೆ? ಇಂಥ ಹೊತ್ತಗೆಗೆ ಅಂಕವಿಲ್ಲ ಎಂಬ ಉತ್ತರ ನಿಜ. ನೈತಿಕತೆಯ ಪ್ರಶ್ನೆ ಶುರುವಾಗುವುದೇ ಅಂಕವಿಲ್ಲದ ಕಡೆ.

ಹೆಸರಿನ ವಿಷಯವನ್ನು ಇಲ್ಲಿಯೇ ಹೇಳಬೇಕು. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚನ್ನಕೇಶವ ದೇವಾಲಯದ ಶಿಲ್ಪಗಳ ಕೆಳಗೆ ಅವುಗಳನ್ನು ಕಡೆದವರ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಂಥವರು ತಮ್ಮ ಊರು, ತಂದೆ, ಬಿರುದುಗಳ ಸಮೇತ ಅಲ್ಲಿ ನಿಂತಿದ್ದಾರೆ. ಹೊಯ್ಸಳ ಶಿಲ್ಪಿಗಳ ಈ ಸಹಿಗಳನ್ನು ಆಧರಿಸಿಯೇ ಷ. ಶೆಟ್ಟರ್ ಮೊದಲಾದವರು ಶಿಲ್ಪಿಗಳ ಚರಿತ್ರೆಯನ್ನು ಕಟ್ಟಲು ಸಾಧ್ಯವಾಯಿತು. ಒಂಬೈನೂರು ವರ್ಷಗಳ ಹಿಂದೆ ಅರಮನೆಯ ಕಟ್ಟಡದಲ್ಲಿ ಉಳಿಹಿಡಿದವನಿಗೆ ಸಿಕ್ಕ ಈ ಜಾಗ ಇಂದಿನ ಮಹಾಪ್ರಬಂಧದಲ್ಲಿ ಹಾಡಿದವಳಿಗೆ, ಕಥೆ ಹೇಳಿದವನಿಗೆ ಸಿಗುತ್ತಿದೆಯೇ? ಅನುಬಂಧದಲ್ಲಿ ‘ವಕ್ತೃಗಳ ಪಟ್ಟಿ’ ಎಂಬುದೊಂದು ಇರುತ್ತದೆ: ಹೆಸರು, ವಯಸ್ಸು, ಜಾತಿ, ಊರು. ಜಾತಿಯ ಕಾಲಂ ತಪ್ಪದೆ ತುಂಬಿರುತ್ತದೆ. ಅವರಿಂದ ಬಂದ ವಿಚಾರ ಯಾವುದು, ಸಂಶೋಧಕರದ್ದು ಯಾವುದು ಎಂಬುದು ಮಾತ್ರ ಇಡೀ ಪ್ರಬಂಧದಲ್ಲಿ ಎಲ್ಲೂ ಗೊತ್ತಾಗುವುದಿಲ್ಲ. ಒಂದು ಪದದ ಅರ್ಥವನ್ನು ಕಿಟ್ಟೆಲ್ ಕೋಶದಿಂದ ತೆಗೆದರೆ ಅಡಿಟಿಪ್ಪಣಿ ಹಾಕುತ್ತೇವೆ; ಅದೇ ಅರ್ಥವನ್ನು ಗದ್ದೆಯ ಬದುವಿನಲ್ಲಿ ನಿಂತ ರೈತರೊಬ್ಬರು ತಿದ್ದಿ ಹೇಳಿದರೆ ಅದು ‘ಸಂಶೋಧಕರ ಅಭಿಪ್ರಾಯ’ವಾಗಿಬಿಡುತ್ತದೆ. ಇದಕ್ಕೆ ಯಾವ ತಂತ್ರಾಂಶವೂ ಶೇಕಡಾವಾರು ಕೊಡುವುದಿಲ್ಲ.

ಅರಸೀಕೆರೆ ಸೀಮೆಯ ಒಂದು ಊರಿನಲ್ಲಿ ಹಾಡುಗಾರ್ತಿಯೊಬ್ಬರನ್ನು ಭೇಟಿ ಮಾಡಿದಾಗ ಅವರು ಆಡಿದ ಮಾತು ಹೀಗಿತ್ತು: “ಹಿಂದೇನೂ ಇಬ್ರು ಬಂದಿದ್ರು ಕಣವ್ವ. ಹಾಡುಸ್ಕಂಡ್ರು, ಫೋಟ ಹಿಡ್ಕಂಡ್ರು, ಪುಸ್ತಕ ಮಾಡಿ ಕಳುಸ್ತೀವಿ ಅಂದ್ರು. ನಂಗೆ ಓದಕ್ ಬರಲ್ಲ ಬುಡು, ಮೊಮ್ಮಗ ಓದ್ತಾನೆ. ಬರಲೇ ಇಲ್ಲ.” ದೂರಿನ ದನಿ ಅದರಲ್ಲಿರಲಿಲ್ಲ, ಮಳೆ ಬರಲಿಲ್ಲ ಎನ್ನುವ ಹಾಗೆ ಹೇಳಿದರು. “ಅಜ್ಜಿ, ಯಾವ ಕಾಲೇಜಿನೋರು?” ಎಂದು ಕೇಳಿದರೆ ಅವರಿಗೆ ನೆನಪಿರಲಿಲ್ಲ. ಹಾಡಿನ ಸಾಲುಗಳನ್ನು ಮಾತ್ರ ಒಂದನ್ನೂ ಮರೆತಿರಲಿಲ್ಲ. ಬಂದು ಹೋದವರು ದುಷ್ಟರೆಂದು ನಾನು ತಿಳಿದಿಲ್ಲ. ಪ್ರಬಂಧ ಮುಗಿಯುವ ಹೊತ್ತಿಗೆ ಫೆಲೋಶಿಪ್ ನಿಂತಿರುತ್ತದೆ, ಅತಿಥಿ ಉಪನ್ಯಾಸಕರ ಅರ್ಜಿಯ ಓಡಾಟ ಶುರುವಾಗಿರುತ್ತದೆ, ಮನೆಯಲ್ಲಿ ಮದುವೆಯ ಮಾತು ನಡೆದಿರುತ್ತದೆ. ಕೊಟ್ಟ ಮಾತು ಉಳಿಸಿಕೊಳ್ಳುವುದನ್ನು ವ್ಯಕ್ತಿಯ ಒಳ್ಳೆಯತನಕ್ಕೆ ಬಿಟ್ಟರೆ ಹೀಗೇ ಆಗುತ್ತದೆ. ಹಾಗಾಗಿಯೇ ಇದು ವಿಭಾಗದ ಜವಾಬ್ದಾರಿಯಾಗಬೇಕು.

ಮಾತು ಉಳಿಸಿಕೊಳ್ಳುವುದಕ್ಕೆ ನಮ್ಮ ಶಾಸನಗಳಲ್ಲಿ ಒಂದು ಪರಿಭಾಷೆಯೇ ಇದೆ. ಜೋಳವಾಳಿ, ವೇಳೆವಾಳಿ, ಲೆಂಕವಾಳಿಗಳ ಬಗ್ಗೆ ಓದದ ಕನ್ನಡ ವಿದ್ಯಾರ್ಥಿಯಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಪಕ್ಕದಲ್ಲಿರುವ ಗರುಡಸ್ತಂಭ ವೀರಬಲ್ಲಾಳನಿಗಾಗಿ ಪ್ರಾಣ ಬಿಟ್ಟ ಕುವರಲಕ್ಷ್ಮನನ್ನೂ ಅವನ ಸಂಗಡಿಗರನ್ನೂ ಸ್ಮರಿಸುವಂಥದ್ದು. ಅನ್ನ ಕೊಟ್ಟವನಿಗೆ ತಲೆ ಕೊಡುವ ಈ ನಿಷ್ಠೆಯನ್ನು ವೈಭವೀಕರಿಸುವ ಉದ್ದೇಶ ನನಗಿಲ್ಲ. ಅದರಲ್ಲಿ ಒಡೆತನದ ಕ್ರೌರ್ಯವೂ ಇದೆ. ಆದರೆ ಒಂದು ಪ್ರಶ್ನೆಯನ್ನು ಅದು ನೇರವಾಗಿ ಕೇಳುತ್ತದೆ: ಸಂಶೋಧಕರು ಉಂಡಿರುವುದು ಯಾರ ಜೋಳ? ಕಿರಿಯ ಸಂಶೋಧನಾ ಫೆಲೋಶಿಪ್‌ನ ಮೊತ್ತ 2023ರಿಂದ ತಿಂಗಳಿಗೆ 37,000 ರೂಪಾಯಿ. ಅದು ಬರುವುದು ಜನರ ತೆರಿಗೆಯಿಂದ. ನಮ್ಮ ವಿಭಾಗಗಳಲ್ಲಿ ಮಾತ್ರ ಜೋಳವಾಳಿ ಮಾರ್ಗದರ್ಶಕರಿಗೆ ಸಲ್ಲುತ್ತದೆ. ಮಾರ್ಗದರ್ಶಕರು ಇಪ್ಪತ್ತು ವರ್ಷಗಳ ಹಿಂದೆ ಮಾಡಿದ ಓದು ತಪ್ಪೆಂದು ಕಲ್ಲಿನ ಮುಂದೆ ನಿಂತಾಗ ಗೊತ್ತಾದರೂ ಪ್ರಬಂಧದಲ್ಲಿ ಅದು ‘ಈ ಬಗ್ಗೆ ಇನ್ನಷ್ಟು ಅಧ್ಯಯನ ಅಗತ್ಯ’ ಎಂಬ ನಿರುಪದ್ರವಿ ವಾಕ್ಯವಾಗುತ್ತದೆ. ಮೌಖಿಕ ಪರೀಕ್ಷೆಯ ದಿನದ ಸೌಜನ್ಯ ಸತ್ಯಕ್ಕಿಂತ ದೊಡ್ಡದಾಗಿರುವುದನ್ನು ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಕನ್ನಡದ ವಿದ್ವತ್ಪರಂಪರೆ ಬೆಳೆದದ್ದು ಹೀಗಲ್ಲ. ಒಬ್ಬರ ಪಾಠವನ್ನು ಇನ್ನೊಬ್ಬರು ತಿದ್ದುತ್ತ, ಪತ್ರಿಕೆಗಳಲ್ಲಿ ವರ್ಷಗಟ್ಟಲೆ ವಾದ ಮಾಡುತ್ತ ಹಲ್ಮಿಡಿ ಶಾಸನದ ಓದು ಈ ಸ್ಥಿತಿಗೆ ಬಂದಿದೆ.

ಸಾಮಾಜಿಕ ಜವಾಬ್ದಾರಿಯೆಂಬುದು ಇದಕ್ಕಿಂತ ಬಿಸಿಯಾದ ವಿಷಯಗಳಲ್ಲಿ ಇನ್ನೂ ಸ್ಪಷ್ಟವಾಗಿ ಗೋಚರಿಸುತ್ತದೆ. ಬಿಟ್ಟಿದೇವ ಮತಾಂತರಗೊಂಡು ವಿಷ್ಣುವರ್ಧನನಾದ ಮೇಲೆ ಜಿನಾಲಯಗಳನ್ನು ಕೆಡವಿಸಿದನು, ಅದರ ಫಲವಾಗಿ ದೋರಸಮುದ್ರದ ಬಳಿ ಭೂಮಿ ಬಾಯ್ದೆರೆಯಿತು ಎಂಬ ಐತಿಹ್ಯವಿದೆ. ಶಾಸನಗಳ ಮಾತು ಬೇರೆ. ರಾಣಿ ಶಾಂತಲೆ ಜಿನಭಕ್ತೆ, ದಂಡನಾಯಕ ಗಂಗರಾಜ ಜೈನ. ಗಂಗರಾಜನ ಮಗ ಬೊಪ್ಪ ತಂದೆಯ ನೆನಪಿಗೆ ಹಳೇಬೀಡಿನಲ್ಲಿ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಪ್ರಸಾದ ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ತಲುಪಿದಾಗ ಅವನು ಅದನ್ನು ಗೌರವದಿಂದ ಸ್ವೀಕರಿಸಿದನು. ಅದೇ ಹೊತ್ತಿಗೆ ಯುದ್ಧದಲ್ಲಿ ಜಯವೂ ಪುತ್ರೋತ್ಸವವೂ ಆದುದರಿಂದ ದೇವರಿಗೆ ವಿಜಯಪಾರ್ಶ್ವ ಎಂಬ ಹೆಸರು ಕೊಟ್ಟು ದತ್ತಿ ಬಿಟ್ಟನು. ಇದು ವಿದ್ವಾಂಸರಿಗೆ ನೂರು ವರ್ಷಗಳಿಂದ ಗೊತ್ತಿರುವ ವಿಷಯ. ಆದರೆ ಈ ಎರಡು ಕಥನಗಳಲ್ಲಿ ಜನರ ಬಾಯಲ್ಲಿ ಓಡಾಡುವುದು ಯಾವುದು? ಐತಿಹ್ಯವನ್ನು ಸುಳ್ಳೆಂದು ತಳ್ಳಿಹಾಕಿ ಎನ್ನುತ್ತಿಲ್ಲ. ಒಂದು ಸಮುದಾಯ ತನ್ನ ನೋವನ್ನೋ ಭಯವನ್ನೋ ಅದರಲ್ಲಿ ಇಟ್ಟಿರಬಹುದು, ಅದೂ ಅಧ್ಯಯನಯೋಗ್ಯ. ಶಾಸನ ಹೇಳುವುದನ್ನು ಊರಿನವರಿಗೂ ತಿಳಿಯುವಂತೆ ಹೇಳುವ ಹೊಣೆಯನ್ನು ಮಾತ್ರ ನಾವು ಪ್ರವಾಸಿ ಮಾರ್ಗದರ್ಶಿಗಳಿಗೆ ಬಿಟ್ಟುಕೊಟ್ಟಿದ್ದೇವೆ.

ಬೇಲೂರಿನ ರಥೋತ್ಸವದ ಪ್ರಸಂಗ ಹತ್ತಿರದ್ದು. ಚನ್ನಕೇಶವನ ತೇರು ಎಳೆಯುವ ಸಂದರ್ಭದಲ್ಲಿ ದೇವಾಲಯದ ಬಳಿ ಮೌಲ್ವಿಯೊಬ್ಬರು ಕುರಾನ್ ಪಠಿಸುವ ರೂಢಿ ಬಹುಕಾಲದಿಂದ ನಡೆದುಬಂದಿದೆ. 2022 ಮತ್ತು 2023ರಲ್ಲಿ ಇದನ್ನು ನಿಲ್ಲಿಸಬೇಕೆಂಬ ಒತ್ತಾಯ ಬಂದಿತು. ಆಗ ಎದ್ದ ಪ್ರಶ್ನೆಗಳು ಯಾವುವು? ಈ ರೂಢಿ ಎಂದಿನದು, ಇದಕ್ಕೆ ದಾಖಲೆ ಇದೆಯೇ, ಕೈಪಿಡಿಯಲ್ಲಿ ಏನು ಬರೆದಿದೆ? ಇವೆಲ್ಲ ಆಕರಗಳ ಪ್ರಶ್ನೆಗಳು. ನಾವು ತರಬೇತಿ ಪಡೆದಿರುವುದೇ ಇಂಥ ಪ್ರಶ್ನೆಗಳಿಗೆ. ಶಾಸನ, ಕಡತ, ದೇವಾಲಯದ ಲೆಕ್ಕಪತ್ರ, ಹಿರಿಯರ ನೆನಪು ಇವುಗಳನ್ನು ಒಟ್ಟಿಗಿಟ್ಟು, ಸಿಕ್ಕಿದ್ದೆಷ್ಟು ಸಿಗದಿದ್ದೆಷ್ಟು ಎಂದು ಹೇಳುವುದು ಕನ್ನಡ ಸಂಶೋಧನೆಯ ಮೊದಲ ಪಾಠ. ಬರಹದ ದಾಖಲೆಯಿಲ್ಲದ ರೂಢಿ ರೂಢಿಯೇ ಅಲ್ಲವೆಂಬ ವಾದವನ್ನು ಜಾನಪದ ಓದಿದ ಯಾರು ತಾನೇ ಒಪ್ಪಿಯಾರು? ಈ ಮಾತನ್ನು ಶಾಂತವಾಗಿ, ಆಧಾರಸಹಿತವಾಗಿ ಹೇಳಬಲ್ಲವರು ನಮ್ಮ ವಿಭಾಗಗಳಲ್ಲಿದ್ದಾರೆ. ಆದರೆ ‘ವಿವಾದದಲ್ಲಿ ತಲೆಹಾಕಬೇಡಿ’ ಎಂಬುದು ಸಂಶೋಧನಾರ್ಥಿಗಳಿಗೆ ಸಿಗುವ ಮೊದಲ ಉಪದೇಶ.

ಆ ಉಪದೇಶದ ಹಿಂದಿರುವ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ‘ಮಾರ್ಗ’ದ ಮೊದಲ ಸಂಪುಟದ ಲೇಖನಗಳಿಗಾಗಿ 1989ರಲ್ಲಿ ಎಂ.ಎಂ. ಕಲಬುರ್ಗಿಯವರು ಎದುರಿಸಿದ ಒತ್ತಡವೂ, 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿಯೇ ಅವರು ಗುಂಡಿಗೆ ಬಲಿಯಾದದ್ದೂ ನಮ್ಮ ತಲೆಮಾರಿನ ಸಂಶೋಧಕರ ಎದೆಯಲ್ಲಿ ಕುಳಿತಿವೆ. ಕುಲಪತಿಯಾಗಿದ್ದವರ ಗತಿಯೇ ಹೀಗಾದರೆ ನೋಂದಣಿ ಸಂಖ್ಯೆಯೊಂದನ್ನು ಬಿಟ್ಟು ಬೇರೇನೂ ಇಲ್ಲದ ವಿದ್ಯಾರ್ಥಿಯ ಪಾಡೇನು? ಇಲ್ಲಿ ನೈತಿಕತೆಯ ಪಠ್ಯದ ಇನ್ನೊಂದು ಏಕಮುಖತೆ ಬಯಲಾಗುತ್ತದೆ. ಸಂಶೋಧಕರು ಸಂಸ್ಥೆಗೆ ಏನು ಸಲ್ಲಿಸಬೇಕು ಎಂಬುದು ಅಲ್ಲಿದೆ: ಘೋಷಣಾಪತ್ರ, ಪ್ರಮಾಣಪತ್ರ, ಹೋಲಿಕೆಯ ವರದಿ. ಆಧಾರಸಹಿತ ಬರಹಕ್ಕಾಗಿ ಸಂಶೋಧಕರ ಮೇಲೆ ಜನ ತಿರುಗಿಬಿದ್ದಾಗ ಸಂಸ್ಥೆ ಏನು ಮಾಡಬೇಕು ಎಂಬುದು ಇಲ್ಲ. ವಿಭಾಗದ ಸಂಶೋಧನಾ ಸಮಿತಿ ಪ್ರಬಂಧವನ್ನು ಒಪ್ಪಿದ ಮೇಲೆ ಅದರ ಜೊತೆ ನಿಲ್ಲುವುದೂ ಆ ಸಮಿತಿಯ ಕರ್ತವ್ಯವೆಂದು ಲಿಖಿತವಾಗಿ ಇರಬೇಕು. ಸಂಶೋಧಕರಿಗೆ ಧೈರ್ಯದ ಪಾಠ ಹೇಳಿ ತಾನು ಮೌನವಾಗಿರುವ ಸಂಸ್ಥೆಗೆ ನೀತಿ ಬೋಧಿಸುವ ಅಧಿಕಾರ ಕಡಿಮೆ.

ಹಾಸನಕ್ಕೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು 2023ರಲ್ಲಿ, ಮೈಸೂರು ವಿಶ್ವವಿದ್ಯಾಲಯದ ಹೇಮಗಂಗೋತ್ರಿ ಸ್ನಾತಕೋತ್ತರ ಕೇಂದ್ರವನ್ನು ಆಧರಿಸಿ. ಎರಡೇ ವರ್ಷಕ್ಕೆ, 2025ರಲ್ಲಿ, ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸರ್ಕಾರದ ಮಟ್ಟದಲ್ಲಿ ಎದ್ದಾಗ ಅದರ ಹೆಸರೂ ಆ ಪಟ್ಟಿಯಲ್ಲಿತ್ತು. ಹಣ, ಹುದ್ದೆ, ಕಟ್ಟಡಗಳ ಲೆಕ್ಕದಲ್ಲಿ ನಡೆದ ಆ ಚರ್ಚೆಯಲ್ಲಿ ಇನ್ನೊಂದು ಅಂಶಕ್ಕೂ ಜಾಗ ಬೇಕಿತ್ತು: ಹಲ್ಮಿಡಿ, ಬೇಲೂರು, ಹಳೇಬೀಡು, ಅರಸೀಕೆರೆಗಳು ಒಂದು ದಿನದ ಬಸ್ಸಿನ ದೂರದಲ್ಲಿರುವ ಕನ್ನಡ ವಿಭಾಗಕ್ಕೆ ಮಾತು ಉಳಿಸಿಕೊಳ್ಳುವುದು ಸುಲಭ. ದೂರದಿಂದ ಬಂದವರಿಗೆ ಕ್ಷೇತ್ರಕಾರ್ಯ ಪ್ರವಾಸ. ಹತ್ತಿರದವರಿಗೆ ಅದು ನೆರೆಹೊರೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಹದಿನಾರು ಮೂಲೆಗಳ ನಕ್ಷತ್ರಾಕಾರದ ಮಂಟಪವಿರುವ ಅರಸೀಕೆರೆಯ ಈಶ್ವರ ದೇವಾಲಯ, 1220ರಲ್ಲಿ ರೇಚರಸ ಅದೇ ಊರಿನಲ್ಲಿ ಕಟ್ಟಿಸಿದ ಸಹಸ್ರಕೂಟ ಜಿನಾಲಯ, ಹಾರನಹಳ್ಳಿಯ ದೇವಾಲಯಗಳು ಆ ಪಟ್ಟಿಯಲ್ಲಿಲ್ಲ. ಪಟ್ಟಿಗೆ ಸೇರಿದ ಕಡೆ ಹಣವೂ ಕಾವಲೂ ಬರುತ್ತವೆ. ಸೇರದ ಕಡೆಯ ಕಲ್ಲುಗಳಿಗೆ ಊರಿನವರ ಕಣ್ಣೇ ಕಾವಲು. ಆ ಕಣ್ಣಿಗೆ ತಿಳಿವಳಿಕೆ ಕೊಡುವವರು ನಾವಲ್ಲದೆ ಯಾರು? ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದವರು ಆ ಊರನ್ನು ನೋಡದೆ ಹಳೇಬೀಡಿನ ಬಸ್ಸು ಹಿಡಿಯುತ್ತಾರೆ. ಸಂಶೋಧಕರೂ ಹಾಗೆಯೇ.

ಹೀಗಿರುವಾಗ ವಿಭಾಗಗಳು ಆಯೋಗದ ಅನುಮತಿಗೆ ಕಾಯದೆ ಮಾಡಬಹುದಾದ ಕೆಲಸ ಕೆಲವಿವೆ. ಕ್ಷೇತ್ರಕಾರ್ಯಕ್ಕೆ ಹೋಗುವ ಮೊದಲು ಯಾರ ಮಾತನ್ನು ಯಾತಕ್ಕೆ ದಾಖಲಿಸುತ್ತೇವೆ, ಅದು ಎಲ್ಲಿ ಉಳಿಯುತ್ತದೆ ಎಂಬುದನ್ನು ಅವರ ನುಡಿಯಲ್ಲಿ ಹೇಳಿ ಒಪ್ಪಿಗೆ ಪಡೆಯುವುದನ್ನು ನೈತಿಕತೆಯ ಪಠ್ಯದ ಪ್ರಾಯೋಗಿಕ ಭಾಗವಾಗಿಸಬಹುದು. ವಕ್ತೃಗಳ ಪಟ್ಟಿಯಲ್ಲಿ ಜಾತಿಯ ಕಾಲಂ ಯಾತಕ್ಕೆ ಬೇಕೆಂಬುದಕ್ಕೆ ಕಾರಣ ಕೇಳಬಹುದು. ಕಾರಣವಿಲ್ಲದಿದ್ದರೆ ಅದನ್ನು ತೆಗೆಸಿ, ಅವರು ಕೊಟ್ಟ ಅರ್ಥವಿವರಣೆಯನ್ನು ಅಡಿಟಿಪ್ಪಣಿಯಲ್ಲಿ ಅವರ ಹೆಸರಿನೊಂದಿಗೆ, ಅವರು ಒಪ್ಪಿದರೆ, ಹಾಕಿಸಬಹುದು. ಶಾಸನವನ್ನೋ ವೀರಗಲ್ಲನ್ನೋ ಆಕರವಾಗಿ ಬಳಸಿದವರು ಅದನ್ನು ತಾವು ನೋಡಿದ ದಿನಾಂಕ ಮತ್ತು ಅಂದಿನ ಅದರ ಸ್ಥಿತಿಯನ್ನು ನಮೂದಿಸಲೇಬೇಕೆಂದು ವಿಧಿಸಿದರೆ ಐದಾರು ವರ್ಷಗಳಲ್ಲಿ ಜಿಲ್ಲೆಯ ಕಲ್ಲುಗಳ ಸ್ಥಿತಿಗತಿಯ ದಾಖಲೆಯೊಂದು ತಾನಾಗಿ ಸಿದ್ಧವಾಗುತ್ತದೆ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಹೋಲಿಕೆಯ ವರದಿಯನ್ನು ನೋಡುವಷ್ಟೇ ಗಂಭೀರವಾಗಿ ‘ಇದನ್ನು ಊರಿನಲ್ಲಿ ಯಾರಿಗೆ ತೋರಿಸಿದಿರಿ, ಅವರು ಏನೆಂದರು’ ಎಂದು ಕೇಳಬಹುದು. ಈ ಒಂದು ಪ್ರಶ್ನೆ ಕೇಳಲಾಗುತ್ತದೆಂದು ಗೊತ್ತಾದರೆ ಸಾಕು, ಬರೆಯುವವರ ಭಾಷೆಯೇ ಬದಲಾಗುತ್ತದೆ.

ಇದಕ್ಕೆ ಬರಬಹುದಾದ ಆಕ್ಷೇಪ ನನಗೆ ಗೊತ್ತಿದೆ. ಊರಿಗೆ ತೋರಿಸಿ ಬರೆಯುವುದೆಂದರೆ ಊರಿನವರು ಒಪ್ಪಿದ್ದನ್ನೇ ಬರೆಯುವುದಾಗುವುದಿಲ್ಲವೇ? ದೇವಸ್ಥಾನದ ಜಮೀನು, ಒಕ್ಕಲು, ಪೂಜೆಯ ಹಕ್ಕು ಇಂಥ ವಿಷಯಗಳಲ್ಲಿ ಶಾಸನ ಹೇಳುವುದು ಊರಿನ ಬಲಿಷ್ಠರಿಗೆ ಹಿಡಿಸದೆ ಹೋಗಬಹುದು. ನಿಜ. ತೋರಿಸುವುದು ಅನುಮತಿಗಾಗಿ ಅಲ್ಲ, ತಿಳಿಸುವುದಕ್ಕೆ ಮತ್ತು ತಿದ್ದಿಸಿಕೊಳ್ಳುವುದಕ್ಕೆ. ತಿದ್ದುಪಡಿ ಸರಿಯಲ್ಲವೆಂದು ಕಂಡರೆ ಭಿನ್ನಾಭಿಪ್ರಾಯವನ್ನು ಇಬ್ಬರ ಹೆಸರಿನಲ್ಲೂ ದಾಖಲಿಸಬಹುದು. ಊರೆಂಬುದು ಒಂದೇ ದನಿಯಲ್ಲ. ಮೇಲುಗೇರಿಯವರು ಬೇಡವೆಂದದ್ದನ್ನು ಕೆಳಗೇರಿಯವರು ಬೇಕೆಂದು ಕಾಯುತ್ತಿರಬಹುದು. ಯಾವ ಕೇರಿಯ ಜಗಲಿಯ ಮೇಲೆ ಕುಳಿತು ದಾಖಲಿಸಿಕೊಂಡೆವು, ಯಾವ ಕೇರಿಗೆ ಹೋಗಲೇ ಇಲ್ಲ ಎಂಬುದನ್ನೂ ಪ್ರಬಂಧದ ಪ್ರಸ್ತಾವನೆಯಲ್ಲಿ ಹೇಳಬೇಕಾದದ್ದು ಇದರಿಂದಲೇ.

ಖರ್ಚಿನ ಮಾತು ದೊಡ್ಡದೇನಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ ಈಗ ‘ಅರಿವು ಕೇಂದ್ರ’ಗಳಾಗಿವೆ. ಮಹಾಪ್ರಬಂಧ ಸಲ್ಲಿಸುವಾಗ ವಿಶ್ವವಿದ್ಯಾಲಯಕ್ಕೆ ಹೋಗುವ ಪ್ರತಿಗಳ ಜೊತೆಗೆ ಇನ್ನೊಂದನ್ನು ಹೊಲಿಸಿ, ಸರಳಗನ್ನಡದ ನಾಲ್ಕು ಪುಟದ ಸಾರಾಂಶವನ್ನು ಅದರ ಮೊದಲಿಗೆ ಸೇರಿಸಿ, ಆಕರ ದೊರೆತ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕೊಟ್ಟು ರಸೀದಿ ಪಡೆಯಬೇಕು; ಹೋಲಿಕೆಯ ಪ್ರಮಾಣಪತ್ರದ ಹಿಂದೆಯೇ ಆ ರಸೀದಿಯನ್ನೂ ಲಗತ್ತಿಸಬೇಕು. ಆಕರ ಹತ್ತೂರಿನದಾದರೆ ಸಾರಾಂಶದ ಹತ್ತು ಪ್ರತಿ ಸಾಕು. ಧ್ವನಿಮುದ್ರಿಕೆಗಳಿದ್ದರೆ ಹಾಡಿದವರ ಮನೆಯ ಮೊಬೈಲಿಗೆ ಅವನ್ನು ಕಳಿಸಲು ಐದು ನಿಮಿಷ ಬೇಕು. ಇಷ್ಟನ್ನು ಈ ವರ್ಷದಿಂದಲೇ ನಿಯಮವಾಗಿಸಲು ವಿಭಾಗದ ಅಧ್ಯಯನ ಮಂಡಳಿಯ ಒಂದು ಸಭೆ ಸಾಕು.